ಕೊಲಂಬೊ ದಾರಿಯ ಕಾಳುಮೆಣಸು: ನೆರೆದೇಶಗಳ ನಡುವಿನ ಕೃಷಿ ಮುಕ್ತ ವ್ಯಾಪಾರ ಯಾರ ಕೈ ಹಿಡಿಯಿತು?

2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಕಾಳುಮೆಣಸಿನ ಆಮದಿಗೆ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಬೆಲೆ ಎಂಬುದು ಅದರ ತಿರುಳು. ಕೆಲವೇ ತಿಂಗಳಲ್ಲಿ, 2018ರ ಮಾರ್ಚ್‌ನಲ್ಲಿ, ಅದನ್ನು ಇನ್ನಷ್ಟು ಬಿಗಿ ಮಾಡಿ, ಆ ಬೆಲೆಗಿಂತ ಕೆಳಗಿನ ಆಮದನ್ನು ನಿಷೇಧಿಸಲಾಯಿತು. ಈ ಸಭೆಯಲ್ಲಿರುವ ಬೆಳೆಗಾರರಿಗೆ ಆ ದಿನಗಳು ಚೆನ್ನಾಗಿ ನೆನಪಿರುತ್ತವೆ. 2016ರಲ್ಲಿ 650–700 ರೂಪಾಯಿ ಆಸುಪಾಸಿನಲ್ಲಿದ್ದ ಮೆಣಸು 2018ರ ಹೊತ್ತಿಗೆ 400ರ ಕೆಳಗೆ ಇಳಿದಿತ್ತು. ವಿದ್ಯಾರ್ಥಿಗಳಿಗಾಗಿ ಇನ್ನೊಂದು ಮಾತು ಸೇರಿಸುತ್ತೇನೆ. ಶ್ರೀಲಂಕಾದ ಜೊತೆ ನಮಗೆ ಮುಕ್ತ ವ್ಯಾಪಾರ ಒಪ್ಪಂದವಿದೆ. ಒಪ್ಪಂದ ಮಾಡಿಕೊಂಡ ಸರ್ಕಾರವೇ, ಅದು ಜಾರಿಯಾದ ಹದಿನೇಳು ವರ್ಷಗಳ ನಂತರ, ಬಾಗಿಲಿಗೆ ಅಡ್ಡಪಟ್ಟಿ ಹಾಕಬೇಕಾಗಿ ಬಂದದ್ದು ಏಕೆ? ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ಮೊದಲು ಹಿನ್ನೆಲೆ. ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದದ್ದು 1998ರ ಡಿಸೆಂಬರ್ 28ರಂದು; ನಮ್ಮ ಪ್ರಧಾನಿ ವಾಜಪೇಯಿ ಮತ್ತು ಶ್ರೀಲಂಕಾದ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ಅವರ ಕಾಲದಲ್ಲಿ. ಜಾರಿಗೆ ಬಂದದ್ದು 2000ದ ಮಾರ್ಚ್‌ನಲ್ಲಿ. ಆಮೇಲೆ ದಕ್ಷಿಣ ಏಷ್ಯಾದ ಸಾರ್ಕ್ ದೇಶಗಳೆಲ್ಲ ಸೇರಿ ಮಾಡಿಕೊಂಡ ಸಾಫ್ಟಾ ಎಂಬ ಮುಕ್ತ ವ್ಯಾಪಾರ ಒಪ್ಪಂದ 2006ರಲ್ಲಿ ಬಂತು. ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳ ಜೊತೆಗಿನ ಸರಕು ಒಪ್ಪಂದ 2010ರ ಜನವರಿಯಿಂದ ಜಾರಿಯಾಯಿತು. ವಿಯೆಟ್ನಾಂ ಅದರೊಳಗೆ ಬರುತ್ತದೆ. ಹೀಗೆ ಒಂದೇ ಕಾಳುಮೆಣಸಿಗೆ, ಅದು ಯಾವ ದೇಶದಿಂದ ಬಂತು ಎಂಬುದರ ಮೇಲೆ, ನಮ್ಮ ಬಂದರಿನಲ್ಲಿ ಬೇರೆ ಬೇರೆ ಸುಂಕ ಬೀಳುವಂತಾಯಿತು. ಯಾವ ಒಪ್ಪಂದವೂ ಇಲ್ಲದ ದೇಶದಿಂದ ಬಂದರೆ ಶೇ 70. ಆಸಿಯಾನ್ ದೇಶದಿಂದಾದರೆ ಅದು ಹಂತಹಂತವಾಗಿ ಇಳಿದು ಶೇ 50ಕ್ಕೆ ಬರಬೇಕೆಂಬ ಒಪ್ಪಂದ. ಶ್ರೀಲಂಕಾದಿಂದ ಸಾಫ್ಟಾ ಅಡಿ ಬಂದರೆ ಶೇ 8. ಶ್ರೀಲಂಕಾದ ಜೊತೆಗಿನ ನೇರ ಒಪ್ಪಂದದಡಿ, ವರ್ಷಕ್ಕೆ 2,500 ಟನ್ ತನಕ, ಸೊನ್ನೆ.

ಈಗ ಒಂದು ಲೆಕ್ಕ ಮಾಡೋಣ. ವಿಯೆಟ್ನಾಂನಲ್ಲಿ ಮೆಣಸು ಕೆ.ಜಿ.ಗೆ 200 ರೂಪಾಯಿ ಎಂದಿಟ್ಟುಕೊಳ್ಳಿ. ನೇರವಾಗಿ ನಮ್ಮ ಬಂದರಿಗೆ ಬಂದರೆ ಶೇ 50 ಸುಂಕ ಸೇರಿ 300. ಅದೇ ಸರಕು ಕೊಲಂಬೊದಲ್ಲಿ ಇಳಿದು, ಅಲ್ಲಿ ಹೊಸ ಚೀಲ ಸೇರಿ, ‘ಶ್ರೀಲಂಕಾದಲ್ಲಿ ಬೆಳೆದದ್ದು’ ಎಂಬ ಪ್ರಮಾಣಪತ್ರದೊಂದಿಗೆ ಬಂದರೆ ಶೇ 8 ಸುಂಕ ಸೇರಿ 216. ಕೆ.ಜಿ.ಗೆ 84 ರೂಪಾಯಿ ಅಂತರ. ಹತ್ತು ಟನ್‌ಗೆ 8 ಲಕ್ಷ 40 ಸಾವಿರ. ಕೊಲಂಬೊ ಬಂದರಿನ ಖರ್ಚು, ಕಾಗದಪತ್ರದ ಖರ್ಚು, ನಡುವಿನವರ ಪಾಲು ಎಲ್ಲ ಕಳೆದರೂ ಕೈಯಲ್ಲಿ ದೊಡ್ಡ ಮೊತ್ತ ಉಳಿಯುತ್ತದೆ. ನೀರು ಹೇಗೆ ಗದ್ದೆಯ ಅತಿ ತಗ್ಗಾದ ಬದುವನ್ನೇ ಹುಡುಕಿಕೊಂಡು ಹೋಗುತ್ತದೋ ಹಾಗೆ ಸರಕೂ ಅತಿ ಕಡಿಮೆ ಸುಂಕದ ಗಡಿಯನ್ನು ಹುಡುಕಿಕೊಂಡು ಹೋಗುತ್ತದೆ.

ಜೇಕಬ್ ವೈನರ್ ಎಂಬ ಅರ್ಥಶಾಸ್ತ್ರಜ್ಞ 1950ರಲ್ಲೇ ಇಂಥ ಒಪ್ಪಂದಗಳ ಬಗ್ಗೆ ಒಂದು ಮುಖ್ಯವಾದ ವಿಂಗಡಣೆ ಮಾಡಿದ. ಒಪ್ಪಂದದಿಂದಾಗಿ ದುಬಾರಿ ಉತ್ಪಾದನೆಯ ಜಾಗದಲ್ಲಿ ನೆರೆಯವರ ಅಗ್ಗದ ಉತ್ಪಾದನೆ ಬಂದರೆ ಅದು ವ್ಯಾಪಾರ ಸೃಷ್ಟಿ. ದೂರದ ದೇಶದ ಅಗ್ಗದ ಸರಕನ್ನು ಬಿಟ್ಟು, ಸುಂಕ ಕಡಿಮೆ ಎಂಬ ಒಂದೇ ಕಾರಣಕ್ಕೆ ನೆರೆಯವರ ದುಬಾರಿ ಸರಕನ್ನು ಕೊಂಡರೆ ಅದು ವ್ಯಾಪಾರ ಪಲ್ಲಟ. ಪರೀಕ್ಷೆಗೆ ನೀವು ಇವೆರಡನ್ನೂ ಓದಿರುತ್ತೀರಿ. ಆದರೆ ದಕ್ಷಿಣ ಏಷ್ಯಾದ ಕೃಷಿ ಸರಕುಗಳ ವಿಷಯದಲ್ಲಿ ಹೆಚ್ಚು ನಡೆದದ್ದು ಮೂರನೆಯದು: ಮೂರನೇ ದೇಶದ ಸರಕು ನೆರೆದೇಶದ ಹೆಸರು ಹೊತ್ತು ಒಳಗೆ ಬರುವ ಅಡ್ಡದಾರಿ ವ್ಯಾಪಾರ. ಇದರಲ್ಲಿ ನಮ್ಮ ರೈತನಿಗೂ ಲಾಭವಿಲ್ಲ, ನೆರೆದೇಶದ ರೈತನಿಗೂ ಲಾಭವಿಲ್ಲ. ನಾನು ಇವತ್ತು ಒತ್ತಿ ಹೇಳಬೇಕೆಂದಿರುವ ಮಾತು ಇದೇ.

ಶ್ರೀಲಂಕಾದ ಮೆಣಸು ಕಳಪೆ ಎಂಬ ಮಾತು ನಮ್ಮ ಕಡೆ ಆಗಾಗ ಕೇಳಿಬರುತ್ತದೆ. ಅದು ನಿಜವಲ್ಲ. ಮಾತಲೆ, ಕ್ಯಾಂಡಿ ಸುತ್ತಲಿನ ಮೆಣಸಿನಲ್ಲಿ ಖಾರ ಕೊಡುವ ಪೈಪರಿನ್ ಮತ್ತು ತೈಲದ ಅಂಶ ಹೆಚ್ಚು. ಮೆಣಸಿನ ಸತ್ವ ತೆಗೆಯುವ ಕಾರ್ಖಾನೆಗಳು, ಮುಖ್ಯವಾಗಿ ಕೊಚ್ಚಿ ಸುತ್ತಮುತ್ತಲಿನವು, ಅದನ್ನು ಹುಡುಕಿ ಕೊಳ್ಳುತ್ತವೆ. ನಾವು ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾಗುವ ತನಕ ಕಾದು, ಏಣಿ ಹಾಕಿ ಕೊಯ್ಯುತ್ತೇವೆ. ನಮಗೆ ಲೀಟರ್ ತೂಕ ಮುಖ್ಯ. ವ್ಯಾಪಾರಿ ಲೀಟರ್ ಅಳತೆಗೆ ಕಾಳು ತುಂಬಿ, ಮೇಲೆ ಸಮ ಮಾಡಿ, ತಕ್ಕಡಿಗೆ ಇಡುವಾಗ ನಾವೆಲ್ಲ ಮುಳ್ಳಿನ ಮೇಲೇ ಕಣ್ಣಿಟ್ಟು ನಿಂತಿರುತ್ತೇವೆ. 550 ಗ್ರಾಂ ಬಂದರೆ ಒಂದು ಬೆಲೆ, 500 ಬಂದರೆ ಇನ್ನೊಂದು. ಸತ್ವ ತೆಗೆಯುವವರಿಗೆ ಎಳೆಯ, ಹಗುರ ಕಾಳೇ ಬೇಕು. ಅಂದರೆ ಅಲ್ಲಿನ ನಿಜವಾದ ಮೆಣಸಿಗೂ ನಮ್ಮ ಮೆಣಸಿಗೂ ಪೂರ್ತಿ ಪೈಪೋಟಿಯೇ ಇಲ್ಲ. ಅದಕ್ಕೂ ಇದಕ್ಕೂ ಕೊಳ್ಳುವವರು ಬೇರೆ. ಮಾತಲೆಯ ರೈತನ ಮೆಣಸು ಕೊಚ್ಚಿಗೆ ಬಂದು, ಸತ್ವವಾಗಿ ಯುರೋಪಿಗೆ ಹೋದರೆ ಎರಡೂ ದೇಶಕ್ಕೆ ಲಾಭ. ಒಪ್ಪಂದ ಮಾಡಿದವರ ಮನಸ್ಸಿನಲ್ಲಿದ್ದದ್ದು ಇಂಥ ವ್ಯಾಪಾರವೇ ಇರಬೇಕು.

ವಿಯೆಟ್ನಾಂನ ಮೆಣಸು ಕೊಲಂಬೊದಲ್ಲಿ ಚೀಲ ಬದಲಿಸಿದಾಗ ಮಾತಲೆಯ ರೈತನಿಗೆ ಏನಾಯಿತು? ಅವನ ಮೆಣಸಿನ ಬೆಲೆಯೂ ಬಿತ್ತು. ಭಾರತದವರು ಶ್ರೀಲಂಕಾದ ಪ್ರತಿ ಚೀಲವನ್ನೂ ಅನುಮಾನದಿಂದ ನೋಡತೊಡಗಿದರು. ಕನಿಷ್ಠ ಆಮದು ಬೆಲೆ ಬಂದ ಮೇಲಂತೂ ಅವನ ಅಸಲಿ ಸರಕಿಗೂ ಬಾಗಿಲು ಮುಚ್ಚಿತು. ಅಲ್ಲಿನ ರೈತರು ಮರುರಫ್ತಿನ ವಿರುದ್ಧ ದನಿಯೆತ್ತಿದರು. 2019ರ ಕೊನೆಯಲ್ಲಿ ಅಲ್ಲಿನ ಸರ್ಕಾರವೇ ಮರುರಫ್ತಿಗಾಗಿ ಕಾಳುಮೆಣಸು, ಅಡಿಕೆ ಮುಂತಾದವನ್ನು ಆಮದು ಮಾಡಿಕೊಳ್ಳುವುದನ್ನು ತಡೆಯಿತು. ಕೊಡಗಿನ ಬೆಳೆಗಾರ ಮತ್ತು ಮಾತಲೆಯ ಬೆಳೆಗಾರ ಒಂದೇ ಕಾರಣಕ್ಕೆ, ಒಂದೇ ಹೊತ್ತಿಗೆ ತೊಂದರೆಪಟ್ಟರು. ಇಬ್ಬರ ಮನವಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಬೇಡಿಕೆ ಒಂದೇ ಎಂಬುದು ಗೊತ್ತಾಗುತ್ತದೆ.

ಬೆಲೆ ಬಿದ್ದದ್ದಕ್ಕೆ ಶ್ರೀಲಂಕಾದ ದಾರಿಯೊಂದೇ ಕಾರಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವಿಯೆಟ್ನಾಂ ರೈತರು ಒಳ್ಳೆಯ ಬೆಲೆಯ ವರ್ಷಗಳಲ್ಲಿ ವಿಪರೀತ ಬಳ್ಳಿ ನೆಟ್ಟರು. 2015ರಲ್ಲಿ ಟನ್‌ಗೆ 9,000 ಡಾಲರ್ ದಾಟಿದ್ದ ಅವರ ರಫ್ತು ಬೆಲೆ 2019ರ ಹೊತ್ತಿಗೆ 2,500 ಡಾಲರ್ ಸುತ್ತಮುತ್ತ ಇತ್ತು. ಲೋಕವೆಲ್ಲ ಬೆಲೆ ಕುಸಿದಾಗ ನಮ್ಮಲ್ಲೂ ಕುಸಿಯದೆ ಇರುವುದಿಲ್ಲ. ಶೇ 50–70ರ ಸುಂಕ ಅಂಥ ಕುಸಿತಕ್ಕೆ ಒಡ್ಡಾಗಬೇಕಿತ್ತು. ಆ ಒಡ್ಡಿನ ಪಕ್ಕದಲ್ಲೇ ದಾರಿ ಇದ್ದದ್ದರಿಂದ ಅದು ಕೆಲಸಕ್ಕೆ ಬರಲಿಲ್ಲ.

ಯಾರಿಗೆ ಎಷ್ಟು ಲಾಭ, ಎಷ್ಟು ನಷ್ಟ ಎಂಬುದನ್ನೂ ನೋಡೋಣ. ಮುಕ್ತ ವ್ಯಾಪಾರದಿಂದ ಗ್ರಾಹಕನಿಗೆ ಅಗ್ಗವಾಗುತ್ತದೆ ಎಂಬುದು ಪಠ್ಯದ ಮಾತು, ಸುಳ್ಳೇನಲ್ಲ. ಒಂದು ಮನೆಗೆ ತಿಂಗಳಿಗೆ ಐವತ್ತು ಗ್ರಾಂ ಮೆಣಸು ಬೇಕು ಎಂದುಕೊಳ್ಳಿ. ಕೆ.ಜಿ.ಗೆ 84 ರೂಪಾಯಿಯ ಇಳಿಕೆ ಪೂರ್ತಿಯಾಗಿ ಗ್ರಾಹಕನಿಗೇ ಸಿಕ್ಕರೂ ಆ ಮನೆಗೆ ತಿಂಗಳಿಗೆ ಉಳಿಯುವುದು ನಾಲ್ಕು ರೂಪಾಯಿ ಚಿಲ್ಲರೆ. ಐದು ಕ್ವಿಂಟಲ್ ಮೆಣಸು ಬೆಳೆಯುವ ಸಣ್ಣ ಹಿಡುವಳಿದಾರನಿಗೆ ಅದೇ 84 ರೂಪಾಯಿ ಎಂದರೆ ವರ್ಷಕ್ಕೆ 42,000. ಲಾಭ ಕೋಟಿ ಮನೆಗಳಿಗೆ ತೆಳುವಾಗಿ ಹಂಚಿಹೋಗುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ನಷ್ಟ ಕೆಲವೇ ತಾಲ್ಲೂಕುಗಳಲ್ಲಿ, ಕೆಲವೇ ಮನೆಗಳಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಒಟ್ಟು ಕೂಡಿಸಿದಾಗ ದೇಶಕ್ಕೆ ಲಾಭ ಎಂದು ಬಂದರೂ ಮಡಿಕೇರಿ, ಸಕಲೇಶಪುರ, ಮೂಡಿಗೆರೆಗಳಲ್ಲಿ ಆ ವರ್ಷ ಮಗಳ ಮದುವೆ ಮುಂದೆ ಹೋಗುತ್ತದೆ, ಕಾಫಿ ಗಿಡಕ್ಕೆ ಗೊಬ್ಬರ ಕಡಿಮೆಯಾಗುತ್ತದೆ. ಮೆಣಸಿನ ದುಡ್ಡಿನಿಂದಲೇ ಕಾಫಿ ತೋಟ ನಡೆಯುವ ಮನೆಗಳು ಎಷ್ಟಿವೆ ಎಂಬುದು ನಿಮಗೇ ಗೊತ್ತು.

ಇಲ್ಲಿ ಸ್ವಲ್ಪ ಬೇರೆ ದಾರಿಗೆ ಹೋಗುತ್ತೇನೆ. ಮೆಣಸಿಗೆ ಬೇರೆ ಹಲವು ಬೆಳೆಗಳಿಗಿಲ್ಲದ ಒಂದು ಗುಣವಿದೆ. ಚೆನ್ನಾಗಿ ಒಣಗಿಸಿ, ತೇವ ತಗಲದಂತೆ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಅಟ್ಟದ ಮೇಲೆ ಗೋಣಿಚೀಲ ಜೋಡಿಸಿಟ್ಟು ಬೆಲೆ ಬಂದಾಗ ಮಾರುವ ದೊಡ್ಡ ಬೆಳೆಗಾರರನ್ನು ನೀವೆಲ್ಲ ನೋಡಿದ್ದೀರಿ. ಅಂಥವರಿಗೆ ಆಮದಿನ ಸುದ್ದಿ ಬಂದರೆ ಕಾಯುವ ಶಕ್ತಿ ಇರುತ್ತದೆ. ಕೊಯ್ಲಿನ ಕೂಲಿಯನ್ನೇ ಸಾಲ ಮಾಡಿ ಕೊಟ್ಟಿರುವ ಎರಡೆಕರೆಯವನು ಮಾರ್ಚ್–ಏಪ್ರಿಲ್‌ನಲ್ಲಿ, ಕಣದಿಂದಲೇ ಮಾರಬೇಕು. ಹಡಗು ಬರುವ ಮೊದಲೇ ಹಡಗು ಬರುತ್ತದೆ ಎಂಬ ಸುದ್ದಿ ಬರುತ್ತದೆ, ಆ ಸುದ್ದಿಗೇ ಬೆಲೆ ಇಳಿಯುತ್ತದೆ. ಹಾಗಾಗಿ ಒಂದೇ ಒಪ್ಪಂದ, ಒಂದೇ ಬೆಳೆ, ಒಂದೇ ಊರು ಆದರೂ ಪೆಟ್ಟು ಒಂದೇ ಸಮ ಬೀಳುವುದಿಲ್ಲ. ಅಧ್ಯಯನ ಮಾಡುವ ವಿದ್ಯಾರ್ಥಿಗಳು ಸರಾಸರಿ ಬೆಲೆಯನ್ನು ಮಾತ್ರ ನೋಡದೆ ಯಾರು ಯಾವ ತಿಂಗಳಲ್ಲಿ ಮಾರಿದರು ಎಂಬುದನ್ನು ನೋಡಬೇಕು.

ಮೆಣಸಿಗಿಂತ ಮೊದಲೇ ಇದೇ ಕಥೆ ವನಸ್ಪತಿಯಲ್ಲಿ, ಅಂದರೆ ಎಣ್ಣೆಯನ್ನು ಗಟ್ಟಿ ಮಾಡಿದ ಅಡುಗೆ ಕೊಬ್ಬಿನಲ್ಲಿ, ನಡೆದುಹೋಗಿತ್ತು. 2000ದ ದಶಕದ ಮೊದಲ ವರ್ಷಗಳಲ್ಲಿ ತಾಳೆ ಎಣ್ಣೆಯ ಮೇಲೆ ನಮ್ಮ ಸುಂಕ ಶೇ 60ನ್ನೂ ಮೀರಿತ್ತು. ಶ್ರೀಲಂಕಾದಲ್ಲಿ ತೀರಾ ಕಡಿಮೆ. ಮಲೇಷ್ಯಾ, ಇಂಡೊನೇಷ್ಯಾಗಳಿಂದ ಎಣ್ಣೆ ತರಿಸಿ, ಶ್ರೀಲಂಕಾದಲ್ಲಿ ವನಸ್ಪತಿ ಮಾಡಿ, ಸುಂಕವಿಲ್ಲದೆ ಭಾರತಕ್ಕೆ ಕಳಿಸುವ ಕಾರ್ಖಾನೆಗಳು ಎದ್ದವು. ಅವುಗಳಲ್ಲಿ ಬಂಡವಾಳ ಹೂಡಿದವರಲ್ಲಿ ನಮ್ಮ ದೇಶದವರೇ ಹಲವರು. ಶ್ರೀಲಂಕಾ ನಮಗೆ ಮಾಡುತ್ತಿದ್ದ ರಫ್ತು 2000ದಲ್ಲಿ ಸುಮಾರು 6 ಕೋಟಿ ಡಾಲರ್ ಇದ್ದದ್ದು 2005ರ ಹೊತ್ತಿಗೆ 55 ಕೋಟಿ ದಾಟಿತು. ಒಪ್ಪಂದದ ಯಶಸ್ಸು ಎಂದು ಆ ಅಂಕಿಯನ್ನು ತೋರಿಸಿದರು. ಆದರೆ ಅದರಲ್ಲಿ ದೊಡ್ಡ ಪಾಲು ವನಸ್ಪತಿ ಮತ್ತು ತಾಮ್ರದ್ದು. ಎರಡೂ ಸುಂಕದ ಅಂತರದ ಕೂಸುಗಳು. ಭಾರತ ವನಸ್ಪತಿಗೆ ವರ್ಷಕ್ಕೆ 2.5 ಲಕ್ಷ ಟನ್ ಮಿತಿ ಹಾಕಿತು. 2008ರಲ್ಲಿ ಬೆಲೆಯೇರಿಕೆ ತಡೆಯಲು ಕಚ್ಚಾ ಖಾದ್ಯ ತೈಲದ ಸುಂಕವನ್ನೇ ಸೊನ್ನೆಗಿಳಿಸಿತು. ಅಂತರ ಹೋಯಿತು, ಅದರ ಜೊತೆಗೆ ಆ ಕಾರ್ಖಾನೆಗಳ ವ್ಯಾಪಾರವೂ ಮುಗಿಯಿತು. ಅಲ್ಲಿ ಕೆಲಸ ಮಾಡುತ್ತಿದ್ದವರ ಗತಿ ಏನಾಯಿತು ಎಂದು ಎರಡೂ ಕಡೆ ಯಾರೂ ಹೆಚ್ಚು ಕೇಳಲಿಲ್ಲ.

ನೇಪಾಳದಲ್ಲೂ ಇದೇ. ಅಲ್ಲಿ ಎಣ್ಣೆ ತಾಳೆಯ ಬೆಳೆಯೇ ಇಲ್ಲ. ಆದರೂ ಸಂಸ್ಕರಿಸಿದ ತಾಳೆ ಎಣ್ಣೆ ಆ ದೇಶ ನಮಗೆ ಕಳಿಸುವ ದೊಡ್ಡ ಸರಕುಗಳಲ್ಲಿ ಒಂದಾಯಿತು. 2020ರ ಜನವರಿಯಲ್ಲಿ ಭಾರತ ಸಂಸ್ಕರಿತ ತಾಳೆ ಎಣ್ಣೆಯ ಆಮದಿಗೆ ನಿರ್ಬಂಧ ಹಾಕಿತು. ವ್ಯಾಪಾರ ಸೋಯಾ ಎಣ್ಣೆಯ ಕಡೆ ತಿರುಗಿತು. 2024ರ ಸೆಪ್ಟೆಂಬರಿನಲ್ಲಿ ನಾವು ಖಾದ್ಯ ತೈಲದ ಸುಂಕ ಏರಿಸಿದೆವು, ನೇಪಾಳದಿಂದ ಬರುವ ಎಣ್ಣೆ ಮತ್ತೆ ಏರಿತು. ನಮ್ಮ ಸೋಯಾ, ಸಾಸಿವೆ ರೈತರಿಗೆಂದು ಹಾಕಿದ ಸುಂಕ, ನೇಪಾಳದ ತರಾಯಿ ಬಯಲಿನಲ್ಲಿ ಸಾಸಿವೆ ಬೆಳೆಯುವವನಿಗೆ ಕಾಸಿನ ಉಪಯೋಗಕ್ಕೂ ಬಾರದ ಒಂದು ರಫ್ತು ಉದ್ಯಮವನ್ನು ಹುಟ್ಟಿಸಿತು.

ಅಡಿಕೆ ಬೆಳೆಗಾರರೂ ಇಲ್ಲಿದ್ದೀರಿ. ಅದರ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಅಡಿಕೆಗೆ ಆಮದು ಸುಂಕ ಶೇ 100. ಕನಿಷ್ಠ ಆಮದು ಬೆಲೆ ಕೆ.ಜಿ.ಗೆ 251 ರೂಪಾಯಿ ಇದ್ದದ್ದನ್ನು 2023ರ ಫೆಬ್ರುವರಿಯಲ್ಲಿ 351 ಮಾಡಿದರು. ಅದಕ್ಕೂ ಮೊದಲು, 2022ರ ಸೆಪ್ಟೆಂಬರಿನಲ್ಲಿ, ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಆ ಷರತ್ತಿಲ್ಲದೆ ತರಬಹುದು ಎಂದು ಅನುಮತಿ ಕೊಟ್ಟಾಗ ಶಿವಮೊಗ್ಗದಿಂದ ಪುತ್ತೂರಿನ ತನಕ ದೊಡ್ಡ ಗದ್ದಲವಾಯಿತು. ನಮ್ಮ ದೇಶದ ಅಡಿಕೆ ಉತ್ಪಾದನೆಯ ಮುಂದೆ 17,000 ಟನ್ ಹಸಿ ಅಡಿಕೆ ಬಹಳ ಸಣ್ಣದು. ಭೂತಾನ್‌ನ ರೈತ ಬೆಳೆದದ್ದು ಬರಲಿ; ಅದು ನೆರೆಯವರಿಗೆ ನಾವು ಕೊಡಬೇಕಾದ ಜಾಗ. ಬೆಳೆಗಾರ ಹೆದರಬೇಕಾದದ್ದು ಆ ಹೆಸರಿನ ಕಾಗದ ಹಿಡಿದು ಬೇರೆ ಕಡೆಯ ಒಣ ಅಡಿಕೆ ಬರುವುದಕ್ಕೆ.

ಇಷ್ಟು ಹೊತ್ತು ನಾವು ನಷ್ಟಪಟ್ಟ ಕಡೆಯಿಂದ ಮಾತಾಡಿದೆ. ಈಗ ನೆರೆಯವರು ನಮ್ಮಿಂದ ಅನುಭವಿಸುವುದನ್ನೂ ಕೇಳಿಸಿಕೊಳ್ಳಬೇಕು. ಈ ಭಾಗದಲ್ಲಿ ಭಾರತವೇ ದೊಡ್ಡ ಉತ್ಪಾದಕ. ನೇಪಾಳದ ತರಾಯಿಯ ಭತ್ತದ ರೈತನ ದೂರು, ನಮ್ಮ ಮೆಣಸಿನ ಬೆಳೆಗಾರನ ದೂರಿನಂತೆಯೇ ಕೇಳಿಸುತ್ತದೆ: ಗಡಿಯಾಚೆ ಗೊಬ್ಬರಕ್ಕೆ, ವಿದ್ಯುತ್ತಿಗೆ ಸರ್ಕಾರ ಸಹಾಯಧನ ಕೊಡುತ್ತದೆ, ಅಲ್ಲಿಯ ಅಕ್ಕಿ ಇಲ್ಲಿಗೆ ಬಂದರೆ ನಾವು ಎಲ್ಲಿ ನಿಲ್ಲುವುದು? ಶ್ರೀಲಂಕಾ ಆಲೂಗಡ್ಡೆ, ಈರುಳ್ಳಿ, ಒಣಮೆಣಸಿನಕಾಯಿ, ಅಕ್ಕಿಗಳನ್ನು ನಮ್ಮೊಂದಿಗಿನ ಒಪ್ಪಂದದಿಂದ ಹೊರಗಿಟ್ಟದ್ದು ಸುಮ್ಮನೆ ಅಲ್ಲ. 1990ರ ದಶಕದ ಮಧ್ಯದಲ್ಲಿ ಆಲೂಗಡ್ಡೆ ಆಮದಿನ ಪರವಾನಗಿ ಕಟ್ಟು ಸಡಿಲಿಸಿದ ಮೇಲೆ ನುವರ ಎಲಿಯ, ಬದುಳ್ಳದ ರೈತರು ಪಟ್ಟ ಪಾಡನ್ನು ಅವರು ಮರೆತಿರಲಿಲ್ಲ.

ಅಗ್ಗದ ಸರಕು ನುಗ್ಗುವುದು ಒಂದು ಕಷ್ಟವಾದರೆ, ನಂಬಿದ್ದ ಸರಕು ಒಂದು ದಿನ ಬೆಳಿಗ್ಗೆ ನಿಂತುಹೋಗುವುದು ಇನ್ನೂ ದೊಡ್ಡ ಕಷ್ಟ. 2019ರ ಸೆಪ್ಟೆಂಬರ್ 29ರಂದು ಭಾರತ ಈರುಳ್ಳಿ ರಫ್ತು ನಿಲ್ಲಿಸಿತು. ಕೆಲವೇ ದಿನಗಳಲ್ಲಿ ದೆಹಲಿಗೆ ಬಂದಿದ್ದ ಬಾಂಗ್ಲಾದೇಶದ ಅಂದಿನ ಪ್ರಧಾನಿ ಶೇಖ್ ಹಸೀನಾ, ಅಡುಗೆಗೆ ಈರುಳ್ಳಿ ಹಾಕಬೇಡ ಎಂದು ತಮ್ಮ ಅಡುಗೆಯವರಿಗೆ ಹೇಳಿದ್ದನ್ನು ಸಭೆಯಲ್ಲೇ ತಿಳಿಸಿದರು. ಇಂಥದ್ದನ್ನು ಮೊದಲೇ ತಿಳಿಸಿದ್ದರೆ ಬೇರೆ ಕಡೆಯಿಂದ ತರಿಸಿಕೊಳ್ಳುತ್ತಿದ್ದೆವು ಎಂಬುದು ಅವರ ಮಾತಿನ ಸಾರ. 2020ರ ಸೆಪ್ಟೆಂಬರ್‌ನಲ್ಲಿ ಮತ್ತೆ ನಿಷೇಧ. 2023ರ ಡಿಸೆಂಬರ್‌ನಲ್ಲಿ ಇನ್ನೊಮ್ಮೆ. ಅದೇ ವರ್ಷದ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತೂ ನಿಂತಿತು. ಆಮೇಲೆ ಭೂತಾನ್‌ಗೆ 79,000 ಟನ್, ನೇಪಾಳಕ್ಕೆ 95,000 ಟನ್ ಎಂದು ಸರ್ಕಾರದಿಂದ ಸರ್ಕಾರಕ್ಕೆ ಕೋಟಾ ಕೊಡಬೇಕಾಯಿತು. ಢಾಕಾದ ವರ್ತಕರು ಮ್ಯಾನ್ಮಾರ್, ಈಜಿಪ್ಟ್, ಟರ್ಕಿ, ಚೀನಾಗಳಿಂದ ಈರುಳ್ಳಿ ತರಿಸುವುದನ್ನು ಕಲಿತರು. ಕಲಿತದ್ದನ್ನು ಅವರು ಮರೆಯುವುದಿಲ್ಲ. ನಾವು ಮತ್ತೆ ರಫ್ತು ತೆರೆದಾಗ ಆ ಮಾರುಕಟ್ಟೆ ಮೊದಲಿನಷ್ಟು ನಮ್ಮದಾಗಿರುವುದಿಲ್ಲ.

ಇದರ ಪೆಟ್ಟು ನಮ್ಮ ರಾಜ್ಯಕ್ಕೇ ಹೇಗೆ ಬಿತ್ತು ಎಂಬುದಕ್ಕೆ ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಗುಲಾಬಿ ಈರುಳ್ಳಿ ನೋಡಿ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಬೆಂಗಳೂರು ರೋಸ್ ಈರುಳ್ಳಿಗೆ ನಮ್ಮ ಮನೆಗಳಲ್ಲಿ ಗಿರಾಕಿ ಕಡಿಮೆ. ಅದನ್ನು ಬೆಳೆಯುವುದೇ ಮಲೇಷ್ಯಾ, ಸಿಂಗಪುರದ ಕಡೆ ಹೋಗಲಿ ಎಂದು. ದೆಹಲಿಯಲ್ಲಿ ನಾಸಿಕದ ಈರುಳ್ಳಿ ದುಬಾರಿಯಾಯಿತೆಂದು ರಫ್ತು ನಿಲ್ಲಿಸಿದರೆ ಚಿಂತಾಮಣಿಯ ರೈತನ ಗುಲಾಬಿ ಈರುಳ್ಳಿ ಹೊಲದಲ್ಲೇ ಉಳಿಯುತ್ತದೆ. ಅದರಿಂದ ದೆಹಲಿಯ ಬೆಲೆಯೂ ಇಳಿಯುವುದಿಲ್ಲ. 2020ರ ಅಕ್ಟೋಬರಿನಲ್ಲಿ 10,000 ಟನ್ ಮಾತ್ರ, ಅದೂ ಚೆನ್ನೈ ಬಂದರಿನ ಮೂಲಕ ಕಳಿಸಲು ಅನುಮತಿ ಸಿಕ್ಕಿತು. 2023ರಲ್ಲಿ ಶೇ 40 ರಫ್ತು ಸುಂಕದಿಂದ ವಿನಾಯಿತಿ ಪಡೆಯಲು ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಬೇಕಾಯಿತು. ಈ ವಿನಾಯಿತಿಗಳು ಬರುವ ತನಕ ಕಿತ್ತ ಈರುಳ್ಳಿ ಕಾಯುವುದಿಲ್ಲ. ಮೆಣಸಿನಂತೆ ಇದನ್ನು ಅಟ್ಟದಲ್ಲಿ ಇಡಲಾಗದು.

ಹಾಗಾದರೆ ಒಪ್ಪಂದಗಳೇ ಬೇಡವೇ ಎಂದು ನೀವು ಕೇಳಬಹುದು. ಬೇಕು. ಒಂದೇ ಹವೆ, ಒಂದೇ ಮಣ್ಣಿನ ನೆರೆದೇಶಗಳು ಒಂದೇ ಬೆಳೆ ಬೆಳೆಯುತ್ತವೆ, ಅವುಗಳ ನಡುವೆ ವ್ಯಾಪಾರಕ್ಕೆ ಏನಿದೆ ಎಂಬ ವಾದ ಅರ್ಧ ಸತ್ಯ. ಕೊಯ್ಲಿನ ಕಾಲ ಬೇರೆ, ತಳಿ ಬೇರೆ, ಬಳಕೆ ಬೇರೆ ಎಂಬುದನ್ನು ಮೆಣಸಿನಲ್ಲೇ ಕಂಡೆವು. ಒಂದು ಕಡೆ ಬರ ಬಿದ್ದಾಗ ಇನ್ನೊಂದು ಕಡೆಯಿಂದ ಲಾರಿಯಲ್ಲಿ ಎರಡು ದಿನದಲ್ಲಿ ಬರುವ ಧಾನ್ಯಕ್ಕೆ ಸಮನಾದ ವಿಮೆ ಯಾವುದೂ ಇಲ್ಲ. ಆದರೆ ಸುಂಕದ ಪಟ್ಟಿಯಲ್ಲಿ ಸೊನ್ನೆ ಬರೆದರೆ ವ್ಯಾಪಾರ ಆಗಿಯೇ ಬಿಡುತ್ತದೆ ಎಂದೂ ತಿಳಿಯಬೇಡಿ. ಶ್ರೀಲಂಕಾದ ಚಹಾಕ್ಕೆ ನಾವು ವರ್ಷಕ್ಕೆ 1.5 ಕೋಟಿ ಕೆ.ಜಿ. ತನಕ ರಿಯಾಯಿತಿ ಸುಂಕದ ಕೋಟಾ ಕೊಟ್ಟಿದ್ದೆವು. ಅದರ ಬಹುಪಾಲು ಬಳಕೆಯಾಗಲೇ ಇಲ್ಲ. ಅಸಲಿ ಬೆಳೆಗೆ ಕೊಟ್ಟ ದಾರಿ ಖಾಲಿ ಉಳಿಯಿತು, ಹೊರಗಿನ ಸರಕಿಗೆ ಸಿಕ್ಕ ದಾರಿ ತುಂಬಿ ಹರಿಯಿತು.

ಒಂದು ಒಳ್ಳೆಯ ಬದಲಾವಣೆ ಆಗಿದೆ. 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಕಸ್ಟಮ್ಸ್ ನಿಯಮಗಳ ಪ್ರಕಾರ, ಸರಕು ನಿಜಕ್ಕೂ ಆ ದೇಶದ್ದೇ ಎಂಬುದಕ್ಕೆ ಬರಿ ಪ್ರಮಾಣಪತ್ರ ಸಾಲದು. ಆಮದುದಾರನೇ ಮಾಹಿತಿ ಇಟ್ಟುಕೊಂಡು ಕೇಳಿದಾಗ ತೋರಿಸಬೇಕು. ಕನಿಷ್ಠ ಆಮದು ಬೆಲೆಗಿಂತ ಈ ದಾರಿ ಮೇಲು ಎಂದು ನನ್ನ ಅಭಿಪ್ರಾಯ. ಕನಿಷ್ಠ ಬೆಲೆ ಅಸಲಿ, ನಕಲಿ ಎರಡನ್ನೂ ಒಂದೇ ಬಾರಿ ತಡೆಯುತ್ತದೆ. ಅದಲ್ಲದೆ, 200 ರೂಪಾಯಿಯ ಸರಕಿಗೆ 500 ಎಂದು ಬಿಲ್ ಬರೆಸಿ ತರುತ್ತಿದ್ದಾರೆ ಎಂದು ಬೆಳೆಗಾರರ ಸಂಘಟನೆಗಳೇ ದೂರಿದ್ದವು. ಮೂಲದ ತಪಾಸಣೆ ನಕಲಿಯನ್ನು ಮಾತ್ರ ಹಿಡಿಯುತ್ತದೆ.

ಭಾರತ–ಶ್ರೀಲಂಕಾ ನಡುವೆ ಇನ್ನೂ ವಿಸ್ತಾರವಾದ ಆರ್ಥಿಕ, ತಾಂತ್ರಿಕ ಸಹಕಾರ ಒಪ್ಪಂದದ ಮಾತುಕತೆ 2016ರಿಂದ 2018ರ ತನಕ ಹನ್ನೊಂದು ಸುತ್ತು ನಡೆದು ನಿಂತಿತ್ತು. 2023ರಲ್ಲಿ ಮತ್ತೆ ಶುರುವಾಯಿತು. ಬೆಳೆಗಾರರ ಸಂಘಗಳು ಮನವಿ ಬರೆಯುವಾಗ ‘ಆಮದು ನಿಲ್ಲಿಸಿ’ ಎಂಬ ಒಂದೇ ಸಾಲಿನಲ್ಲಿ ಮುಗಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಎರಡೂ ದೇಶಗಳು ಮೆಣಸು, ಅಡಿಕೆಗಳ ಬೆಳೆ ಅಂದಾಜು ಮತ್ತು ಮೂರನೇ ದೇಶದಿಂದ ತರಿಸಿದ ಪ್ರಮಾಣವನ್ನು ಪ್ರತಿ ತಿಂಗಳು ಪರಸ್ಪರ ಕೊಡಬೇಕು ಎಂದು ಬರೆಯಿರಿ. ಬೆಳೆದದ್ದಕ್ಕಿಂತ ಹೆಚ್ಚು ರಫ್ತಾದರೆ ರಿಯಾಯಿತಿ ತಾನಾಗಿಯೇ ನಿಲ್ಲಬೇಕು ಎಂದು ಬರೆಯಿರಿ. ಜನವರಿಯಿಂದ ಏಪ್ರಿಲ್ ತನಕ, ನಮ್ಮ ಸಣ್ಣ ಬೆಳೆಗಾರ ಮಾರುವ ಹೊತ್ತಿನಲ್ಲಿ, ಸುಂಕ ಬೇರೆ ಇರಲಿ ಎಂದು ಕೇಳಿ. ಉಳಿದ ತಿಂಗಳು ಮಾತಲೆಯ ಮೆಣಸು ಬರಲಿ. ಈರುಳ್ಳಿ, ಅಕ್ಕಿ ರಫ್ತು ನಿಲ್ಲಿಸುವ ಮೊದಲು ನೆರೆದೇಶಗಳಿಗೆ ಇಷ್ಟು ದಿನದ ಸೂಚನೆ, ಇಷ್ಟು ಟನ್‌ನ ಖಾತರಿ ಎಂಬುದೂ ಅದೇ ಕಾಗದದಲ್ಲಿರಲಿ. ಜಕಾರ್ತದಲ್ಲಿ ಕಚೇರಿಯಿರುವ ಅಂತರರಾಷ್ಟ್ರೀಯ ಕಾಳುಮೆಣಸು ಸಮುದಾಯದಲ್ಲಿ ಭಾರತ, ಶ್ರೀಲಂಕಾ, ವಿಯೆಟ್ನಾಂ ಮೂರೂ ಸದಸ್ಯ ದೇಶಗಳು. ಮೊದಲ ಮನವಿಯ ಒಂದು ಪ್ರತಿ ಅಲ್ಲಿಗೂ ಹೋಗಲಿ, ಇನ್ನೊಂದು ಪ್ರತಿ ಮಾತಲೆಯ ಬೆಳೆಗಾರರಿಗೆ ಹೋಗಲಿ. ಅವರ ಸಹಿಯೂ ಅದರ ಕೆಳಗೆ ಬೀಳುತ್ತದೆ ಎಂಬ ನಂಬಿಕೆ ನನಗಿದೆ.